ಒಂಬತ್ತನೇ ಪೆಟ್ಟಿಗೆಯ ತೋಳ

ಎಲುಬಕ್ಕನಿಗೆ ನಾಯಿ ಕಂಡರೆ ಆಗುತ್ತಿರಲಿಲ್ಲ. ಸತ್ತ ಪ್ರಾಣಿ ಯಾವುದೇ ಇರಲಿ, ಸತ್ತು ಎಷ್ಟು ಸಾವಿರ ವರ್ಷವೇ ಆಗಿರಲಿ, ಅದರ ಮೂಳೆಯನ್ನು ಹಸುಗೂಸಿಗೆ ನೀರೆರೆಯುವ ಹಾಗೆ ಅಂಗೈಯಲ್ಲಿ ಹಿಡಿದು ತೊಳೆಯುತ್ತಿದ್ದ ಹೆಂಗಸು, ಬದುಕಿರುವ ನಾಯಿ ಎದುರಾದರೆ ಮಾತ್ರ ಬೀದಿಯ ಆ ಬದಿಗೆ ದಾಟಿಬಿಡುತ್ತಿದ್ದಳು. ಆರು ವರ್ಷದವಳಿದ್ದಾಗ ಒಂದು ನಾಯಿ ಅವಳ ಮೀನಖಂಡಕ್ಕೆ ಬಾಯಿ ಹಾಕಿತ್ತು. ಆ ಗುರುತು ಈಗಲೂ ಕಾಲಿನ ಮೇಲಿದೆ, ಸಿಟ್ಟೂ ಹಾಗೇ ಇದೆ.

ಅವಳ ಕೆಲಸ ಮ್ಯೂಸಿಯಮ್ಮಿನ ಹಿಂಬದಿಯ ಕೋಣೆಯಲ್ಲಿ. ನೆಲ ಅಗೆದವರು ತಂದು ಇಳಿಸಿದ ಮಣ್ಣಿನ ಹೆಂಟೆಗಳನ್ನು ಜರಡಿಯಲ್ಲಿಟ್ಟು ನೀರು ಬಿಡಬೇಕು, ಮೂಳೆ ಹೆಕ್ಕಬೇಕು, ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಬೇಕು, ನೆರಳಲ್ಲಿ ಒಣಗಿಸಬೇಕು. ಆಮೇಲೆ ಯಾವ ಪ್ರಾಣಿ, ಯಾವ ಅಂಗ ಎಂದು ಚೀಟಿ ಬರೆದು, ಬಟ್ಟೆಯ ಚೀಲದಲ್ಲಿ ಹಾಕಿ, ದಾರದಿಂದ ಬಾಯಿ ಕಟ್ಟಬೇಕು. ಮನುಷ್ಯರ ಮೂಳೆ ಮಹಡಿಗೆ, ಪ್ರಾಣಿಗಳದು ನೆಲಮಾಳಿಗೆಗೆ. ಎರಡಕ್ಕೂ ಬೇರೆ ಬೇರೆ ಮೇಜು, ಬೇರೆ ಬೇರೆ ಬಾಗಿಲು. ಒಂದರ ಚೂರು ಇನ್ನೊಂದಕ್ಕೆ ಬೆರೆತುಹೋದರೆ ಬೇರ್ಪಡಿಸುವುದು ಕಷ್ಟ ಎಂದು, ಒಂದೇ ಮೇಜಿನ ಮೇಲೆ ಎರಡನ್ನೂ ಇಡಕೂಡದೆಂಬ ಕಟ್ಟುನಿಟ್ಟು.

ಮೂವತ್ತೊಂದು ವರ್ಷ ಅವಳು ಈ ಕೆಲಸ ಮಾಡಿದ್ದಳು. ಮ್ಯೂಸಿಯಮ್ಮಿನಲ್ಲಿ ಒಂದು ರೂಢಿ ಬೆಳೆದುಬಿಟ್ಟಿತ್ತು: ಎಲುಬಕ್ಕ ಗಂಟು ಹಾಕಿದ ಚೀಲವನ್ನು ಯಾರೂ ಮತ್ತೆ ಬಿಚ್ಚಿ ನೋಡುತ್ತಿರಲಿಲ್ಲ. ದೊಡ್ಡ ದೊಡ್ಡ ಪದವಿಯವರು ಕೂಡ ಚೀಟಿ ಓದಿಕೊಂಡು ಸುಮ್ಮನೆ ಬರೆದುಕೊಳ್ಳುತ್ತಿದ್ದರು. "ಅಕ್ಕ ಗಂಟು ಹಾಕಿದ್ದಾರೆ ಅಂದ್ರೆ ಮುಗೀತು" ಎನ್ನುವ ಮಾತು ಕಿವಿಗೆ ಬಿದ್ದಾಗಲೆಲ್ಲ ಅವಳು ಕೇಳಿಸದವಳ ಹಾಗೆ ಬ್ರಷ್ಷು ತೊಳೆಯುತ್ತಿದ್ದಳು. ಒಳಗೊಳಗೆ ಮಾತ್ರ ಹಿಗ್ಗಿ ಹೀರೇಕಾಯಿಯಾಗುತ್ತಿದ್ದಳು. ಯಾಕಾಗಬಾರದು? ಬೇರೆ ಏನಿತ್ತು ಅವಳ ಹತ್ತಿರ ಹೇಳಿಕೊಳ್ಳಲಿಕ್ಕೆ?

ಈಗ ಬರುವ ಗುರುವಾರ ಅವಳಿಗೆ ನಿವೃತ್ತಿ. ಅದೇ ದಿನ ಮ್ಯೂಸಿಯಮ್ಮಿನ ಹೊಸ ಸಭಾಂಗಣವೂ ತೆರೆಯುವುದಿತ್ತು. ಅದರ ನಡುಮಧ್ಯೆ ಇಡಲಿರುವುದು ಒಂಬತ್ತನೇ ಪೆಟ್ಟಿಗೆಯ ತೋಳವನ್ನು.

ಆ ತೋಳದ ಕಥೆ ಊರಿಗೆಲ್ಲ ಗೊತ್ತು. ಎಲುಬಕ್ಕ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತಷ್ಟೇ, ಆಗ ಮೇಷ್ಟ್ರು ಗುಡ್ಡದ ಬುಡದಲ್ಲಿ ಒಂದು ಹಳೇ ಸಮಾಧಿ ಅಗೆದರು. ಮೇಷ್ಟ್ರು ಎಂದರೆ ಅವಳಿಗೆ ಕೆಲಸ ಕಲಿಸಿದ ಪ್ರೊಫೆಸರು. ಸಮಾಧಿಯಲ್ಲಿ ಒಬ್ಬ ಮುದುಕಿ, ಪಕ್ಕದಲ್ಲಿ ಒಂದು ತೋಳ. ಮುದುಕಿಯ ಎಡಗೈಯಲ್ಲಿ ಒಂದು ಬೆರಳೂ ಇರಲಿಲ್ಲ. ತೋಳ ಅವಳ ಕೈಗೆ ಬಾಯಿ ಹಾಕಿ ಬೆರಳು ತಿಂದಿತು, ಜನ ಅದನ್ನು ಹೊಡೆದು ಕೊಂದು ಅವಳ ಪಕ್ಕದಲ್ಲೇ ಎಸೆದರು ಎಂದು ಮೇಷ್ಟ್ರು ಪುಸ್ತಕ ಬರೆದರು. ಪುಸ್ತಕ ಹೆಸರು ಮಾಡಿತು. ತೋಳದ ತಲೆಬುರುಡೆ ಗಾಜಿನ ಪೆಟ್ಟಿಗೆ ಸೇರಿತು, ಮಿಕ್ಕ ಮೂಳೆಗಳೆಲ್ಲ ಕಟ್ಟಿದ ಗಂಟಿನಲ್ಲೇ ನೆಲಮಾಳಿಗೆಯ ಒಂಬತ್ತನೇ ಪೆಟ್ಟಿಗೆಯಲ್ಲಿ ಉಳಿದವು. ಶಾಲೆಯ ಮಕ್ಕಳು ಬಂದಾಗ ಕಥೆ ಹೇಳುವ ಕೆಲಸ ಎಲುಬಕ್ಕನ ಪಾಲಿಗೆ ಬರುತ್ತಿತ್ತು. ಹೇಳುವುದೆಂದರೆ ಹಾಗೆ ಹೀಗಲ್ಲ. "ಬೆರಳು ಒಂದೊಂದೇ, ಕಟುಂ ಕಟುಂ ಅಂತ ಅಗಿದು ತಿಂತು!" ಎಂದು ತನ್ನ ಕೈಯನ್ನೇ ಬಾಯಿಯ ಹತ್ತಿರ ತಂದು ತೋರಿಸುತ್ತಿದ್ದಳು. ಮಕ್ಕಳು ಕಿಟಾರನೆ ಕಿರುಚಿ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಅವಳಿಗೂ ಒಳಗೆ ಒಂಥರಾ ಸಮಾಧಾನ, ಮೀನಖಂಡದ ಸಿಟ್ಟು ತೀರಿದ ಹಾಗೆ.

ಹೊಸ ಸಭಾಂಗಣದ ಗೋಡೆಯ ಮೇಲೆ ಚಿತ್ರ ಬರೆಯುವವನು ಆಗಲೇ ಒಂದು ತೋಳವನ್ನು ಬರೆದು ಮುಗಿಸಿದ್ದ. ಕೋರೆಹಲ್ಲು, ಕೆಂಪು ಕಣ್ಣು, ಎದುರಿಗೆ ಕೈ ಅಡ್ಡ ಹಿಡಿದ ಮುದುಕಿ. ನೋಡಿದರೆ ದೊಡ್ಡವರಿಗೂ ದಿಗಿಲಾಗಬೇಕು, ಹಾಗಿತ್ತು.

ಇನ್ನು ಮನೆಯ ವಿಚಾರ. ಮನೆಯಲ್ಲಿ ಅವಳು, ಅವಳ ಗಂಡ, ಮತ್ತು ಅವಳು ಎಷ್ಟು ಬೇಡವೆಂದರೂ ಬಂದು ಸೇರಿಕೊಂಡ ಒಂದು ಕಂದು ನಾಯಿ. ಗಂಡ ಬಸ್ಸು ಓಡಿಸುತ್ತಿದ್ದವನು. ನಾಲ್ಕು ವರ್ಷದ ಹಿಂದೆ ಲಕ್ವ ಹೊಡೆದು ಎಡಗೈ ಸೋತುಹೋಯಿತು. ಅವನು ಮನೆ ಹಿಡಿದ ತಿಂಗಳಲ್ಲೇ ನಾಯಿ ಬಂತು. ಮೊದಲು ಬೀದಿಯಾಚೆ ಕಸದ ತೊಟ್ಟಿಯ ಹತ್ತಿರ ಕೂತು ಇತ್ತ ನೋಡುತ್ತಿತ್ತು. ಆಮೇಲೆ ಗೇಟಿನ ಹೊರಗೆ. ಗಂಡ ಬ್ರೆಡ್ಡಿನ ಅಂಚು ಎಸೆದ, ಗೇಟಿನ ಒಳಗೆ ಬಂತು. ಎಲುಬಕ್ಕ "ಹಚಾ!" ಎಂದು ಕಸಬರಿಕೆ ಎತ್ತಿದಳು, ಅದು ಸರಿಯಾಗಿ ಮೂರು ಹೆಜ್ಜೆ ಹಿಂದೆ ಹೋಗಿ ಕೂತಿತು. ಅವಳು ಒಳಗೆ ಹೋದ ಮೇಲೆ ನಾಲ್ಕು ಹೆಜ್ಜೆ ಮುಂದೆ ಬಂತು. ಹೀಗೇ ಮೆಟ್ಟಿಲು, ಜಗಲಿ, ಹೊಸ್ತಿಲು ಎಂದು ಒಂದು ವರ್ಷದಲ್ಲಿ ನಡುಮನೆಯ ಚಾಪೆ ತಲುಪಿಬಿಟ್ಟಿತು. ಗಂಡ ಅದಕ್ಕೆ ದೊರೆ ಎಂದು ಹೆಸರಿಟ್ಟ. ಎಲುಬಕ್ಕ ಆ ಹೆಸರನ್ನು ಒಂದು ದಿನವೂ ಕರೆದವಳಲ್ಲ. ಅವಳ ಬಾಯಲ್ಲಿ ಅದಕ್ಕೆ ಇದ್ದದ್ದು ಒಂದೇ ಮಾತು, ಹಚಾ. ಅದು ಕೇಳಿಸಿತೆಂದರೆ ನಾಯಿ ಬೇಸರವೂ ಮಾಡಿಕೊಳ್ಳದೆ ಎದ್ದು ಮೂರು ಹೆಜ್ಜೆ ಹಿಂದೆ ಸರಿಯುತ್ತಿತ್ತು.

"ಯಾವ ಗಳಿಗೇಲಿ ಸಾಕಿದ್ರೋ ಇದನ್ನ" ಎಂದು ಅವಳು ರೇಗಿದರೆ ಗಂಡ ನಗುತ್ತಿದ್ದ.

"ನಾನೆಲ್ಲಿ ಸಾಕ್ದೆ ಮಾರಾಯ್ತಿ? ಅದೇ ಬಂತು. ನಾನು ಬೇಡ ಅನ್ಲಿಲ್ಲ, ಅಷ್ಟೇ."

ಆ ಭಾನುವಾರ ಮಧ್ಯಾಹ್ನ ಊಟವಾಗಿತ್ತು. ಗಂಡ ಚಾಪೆಯ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದ. ನಾಯಿ ಅವನಿಗೆ ಅಂಟಿಕೊಂಡು ಅಡ್ಡಾಗಿತ್ತು. ಎಲುಬಕ್ಕ ಗುರುವಾರ ತೊಡುವ ಬಟ್ಟೆಗೆ ಇಸ್ತ್ರಿ ಹಾಕುತ್ತಾ, ಬಾಯಿಗೆ ಬಂದ "ಹಚಾ"ವನ್ನು ಗಂಡನ ನಿದ್ದೆ ಕೆಟ್ಟೀತೆಂದು ನುಂಗಿಕೊಂಡಳು. ನುಂಗಿಕೊಂಡು ಅತ್ತ ನೋಡಿದಳು. ಗಂಡನ ಸೋತ ಎಡಗೈ ನಾಯಿಯ ಪಕ್ಕೆಯ ಮೇಲಿತ್ತು. ಆ ಕೈ ಯಾವಾಗಲೂ ತಣ್ಣಗೆ, ಜೋಮು ಹಿಡಿದ ಹಾಗೆ. ನಾಯಿಯ ಮೈ ಬೆಚ್ಚಗಿರುತ್ತೆ ಎಂದು ಅಲ್ಲಿಡುತ್ತಿದ್ದ. ಬೆರಳುಗಳು ಮಡಚಿಕೊಂಡು, ಕೂದಲಿನಲ್ಲಿ ಹೂತು, ಒಂದೊಂದೂ ಪಕ್ಕೆಲುಬುಗಳ ನಡುವಿನ ಸಂದಿಯಲ್ಲಿ ಕೂತಿದ್ದವು. ನಾಯಿ ಉಸಿರೆಳೆದಾಗ ಕೈ ಮೇಲೇಳುತ್ತಿತ್ತು, ಉಸಿರು ಬಿಟ್ಟಾಗ ಇಳಿಯುತ್ತಿತ್ತು.

ಮೂಳೆ ನೋಡಿ ನೋಡಿ ಪಳಗಿದ ಕಣ್ಣು. ಬೇಡವೆಂದರೂ ಅದು ಚರ್ಮ, ಕೂದಲು ಎಲ್ಲವನ್ನೂ ದಾಟಿ ಒಳಗಿನದನ್ನೇ ಕಾಣುತ್ತದೆ. ಇಬ್ಬರ ಮೇಲೂ ಮಣ್ಣು ಬಿದ್ದು, ಮಾಂಸವೆಲ್ಲ ಕರಗಿಹೋದರೆ ಈ ಬೆರಳ ಮೂಳೆಗಳು ಎಲ್ಲಿಗೆ ಬೀಳುತ್ತವೆ? ಕೈಯ ಹತ್ತಿರ ಉಳಿಯುವುದಿಲ್ಲ. ಒಂದೊಂದಾಗಿ ನಾಯಿಯ ಎದೆಗೂಡಿನೊಳಗೆ ಜಾರುತ್ತವೆ.

ಬೆರಳಿಲ್ಲದ ಮುದುಕಿಯ ಕೈ ಎಲುಬಕ್ಕನ ಕಣ್ಣ ಮುಂದೆ ಬಂತು. ಇಸ್ತ್ರಿಪೆಟ್ಟಿಗೆಯ ಕೆಳಗೆ ಬಟ್ಟೆಯ ಕಮಟು ವಾಸನೆ ಬಂದಾಗಲೇ ಅವಳಿಗೆ ಎಚ್ಚರ.

ಸೋಮವಾರ ಎಲ್ಲರಿಗಿಂತ ಮುಂಚೆ ಹೋಗಿ ನೆಲಮಾಳಿಗೆಗೆ ಇಳಿದಳು. ಒಂಬತ್ತನೇ ಪೆಟ್ಟಿಗೆಯ ತಳದಲ್ಲಿ ಅಂಗೈಯಗಲದ ಒಂದು ಚೀಲ. ಅವಳದೇ ಕೈಬರಹ, ಅವಳದೇ ಗಂಟು. "ತೋಳ. ಸಣ್ಣ ಮೂಳೆಗಳು. ಪಾದ. ಎದೆಗೂಡಿನ ಹೆಂಟೆಯಿಂದ." ಗಂಟು ಬಿಚ್ಚಲು ಅವಳಿಗೇ ಐದು ನಿಮಿಷ ಬೇಕಾಯಿತು. ಬಿಚ್ಚಿ ತಟ್ಟೆಗೆ ಸುರಿದಳು. ಹದಿನಾಲ್ಕು ಮೂಳೆ. ಮನುಷ್ಯರ ಒಂದು ಕೈಯ ಬೆರಳುಗಳಲ್ಲಿ ಇರುವುದೂ ಅಷ್ಟೇ.

ಅಯ್ಯೋ ದೇವರೇ. ಪಾದವಂತೆ ಪಾದ! ಆಗ ಅವಳು ಹೊಸದಾಗಿ ಸೇರಿದವಳು, ಒಂದೇ ದಿನ ಎಪ್ಪತ್ತು ಹೆಂಟೆ ತೊಳೆದಿದ್ದಳು. ಹೆಂಟೆ ಬಂದದ್ದು ಪ್ರಾಣಿಯ ಎದೆಗೂಡಿನಿಂದ, ಮೂಳೆಗಳೋ ಕೀಲುನೋವಿನಿಂದ ಗಂಟುಗಂಟಾಗಿ ಊದಿ, ಯಾವ ಆಕಾರವೂ ಉಳಿಯದೆ ಸೊಟ್ಟಗಾಗಿದ್ದವು. ಮುದಿ ಪ್ರಾಣಿಯ ಪಾದ ಎಂದುಕೊಂಡು ಕಟ್ಟಿಹಾಕಿದಳು. ಮೇಜು ಬೇರೆ, ಬಾಗಿಲು ಬೇರೆ. ಮಹಡಿಯ ಮೇಲಿನ ಬೋಳು ಅಂಗೈಯನ್ನೂ ಕೆಳಗಿನ ಈ ಚೀಲವನ್ನೂ ಒಟ್ಟಿಗೆ ನೋಡುವವರು ಯಾರು? ಆ ಒಂದು ಗಂಟಿನ ಮೇಲೆ ಮೇಷ್ಟ್ರು ಪುಸ್ತಕ ಬರೆದರು, ಇವಳು ಕೈ ಅಗಿದು ತೋರಿಸಿದಳು.

ಯಾರಿಗೂ ಗೊತ್ತಿರಲಿಲ್ಲ. ಅವಳು ಬಾಯಿ ಬಿಡದಿದ್ದರೆ ಗೊತ್ತಾಗುವುದೂ ಇರಲಿಲ್ಲ. ಇನ್ನು ಮೂರು ದಿನ. ಹಾರ ಹಾಕುತ್ತಾರೆ, ಮೇಷ್ಟ್ರು ನಾಲ್ಕು ಒಳ್ಳೆಯ ಮಾತಾಡುತ್ತಾರೆ, ಅವಳು ಮನೆಗೆ ಹೋಗುತ್ತಾಳೆ. ಎಲುಬಕ್ಕ ಮೂಳೆಗಳನ್ನು ಚೀಲಕ್ಕೆ ತುಂಬಿದಳು. ಅದೇ ಗಂಟು ಹಾಕಿದಳು. ಪೆಟ್ಟಿಗೆ ಮುಚ್ಚಿ ಮೇಲೆ ಬಂದು ಕೈ ತೊಳೆದುಕೊಂಡಳು.

ಮಂಗಳವಾರ ಒಂದು ಶಾಲೆಯವರು ಬಂದಿದ್ದರು. ತಲೆನೋವೆಂದು ಎಲುಬಕ್ಕ ಕಥೆ ಹೇಳಲು ಹೋಗಲಿಲ್ಲ. ಮಕ್ಕಳ ಟೀಚರೇ ಕಥೆ ಹೇಳಿದಳು. ಆ ಟೀಚರು ಚಿಕ್ಕವಳಿದ್ದಾಗ ಇದೇ ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಕೇಳಿದ್ದವಳಂತೆ. "ಬೆರಳು ಒಂದೊಂದೇ, ಕಟುಂ ಕಟುಂ ಅಂತ ಅಗಿದು ತಿಂತು!" ಗೋಡೆಯ ಈಚೆ ಬ್ರಷ್ಷು ಹಿಡಿದು ಕೂತ ಎಲುಬಕ್ಕನಿಗೆ ತನ್ನ ಮಾತೇ ತನಗೆ ತಿರುಗಿ ಬಂದು ಕೆನ್ನೆಗೆ ಹೊಡೆದ ಹಾಗಾಯಿತು. ಮಕ್ಕಳು ಕಿರುಚಿದರು. "ಥೂ, ಕೆಟ್ಟದ್ದು!" ಎಂದಿತು ಒಂದು ಮಗು. ಯಾರಿಗೆ ಹೇಳುತ್ತಿದೆ ಈ ಮಗು ಥೂ ಎಂದು? ಎಲುಬಕ್ಕನಿಗೆ ಇನ್ನು ಕೂರಲಾಗಲಿಲ್ಲ. ಎದ್ದವಳೇ ಮ್ಯೂಸಿಯಮ್ಮಿನ ಉಸ್ತುವಾರಿ ಮೇಡಂ ಕೋಣೆಗೆ ಹೋದಳು.

ಮೇಡಂ ಮೂವತ್ತೈದರ ಹೆಂಗಸು, ಎರಡು ದಿನದಿಂದ ಆಮಂತ್ರಣದ ಗಡಿಬಿಡಿಯಲ್ಲಿ ತಲೆ ಕೆಟ್ಟಿತ್ತು.

"ಮೇಡಂ, ಒಂಬತ್ತನೇ ಪೆಟ್ಟಿಗೇಲಿ ನಾನೊಂದು ತಪ್ಪು ಮಾಡಿದೀನಿ."

"ನೀವಾ? ಅಕ್ಕಾ, ರಿಟೈರ್ ಆಗೋ ಹೊತ್ತಲ್ಲಿ ಎಲ್ಲರಿಗೂ ಹೀಗೆ ಅನುಮಾನ ಬರುತ್ತೆ. ಹೋಗಿ ಒಂದು ಕಪ್ ಚಹಾ ಕುಡೀರಿ."

"ಚಹಾ ಕುಡಿದ್ರೆ ಹೋಗೋ ತಪ್ಪಲ್ಲ ಇದು. ಮಹಡಿ ಮೇಲಿನ ಮುದುಕಿ ಅಂಗೈ ಕೆಳಗೆ ತರಿಸಿ. ನನ್ನ ಮೇಜಿಗೆ."

"ಪ್ರಾಣಿ ಮೇಜಿಗೆ ಮನುಷ್ಯರ ಮೂಳೇನಾ? ನೀವೇ ಅಲ್ವಾ ಆ ರೂಲ್ಸು ನನಗೆ ಹೇಳಿಕೊಟ್ಟಿದ್ದು?"

"ನಾನೇ. ಈಗ ನಾನೇ ಮುರೀರಿ ಅಂತಿದೀನಿ."

ಮೇಡಂ ಅವಳ ಮುಖ ನೋಡಿದರು. ಆಮೇಲೆ ಬೀಗದ ಕೈ ತಗೊಂಡು ಎದ್ದರು.

ಅಂಗೈಯ ಐದು ಮೂಳೆಗಳನ್ನು ಬಿಳಿ ಬಟ್ಟೆಯ ಮೇಲೆ ಹರಡಿದರು. ಎಲುಬಕ್ಕ ಚೀಲದಿಂದ ಒಂದು ಮೂಳೆ ತೆಗೆದು ಹೆಬ್ಬೆರಳ ಜಾಗಕ್ಕೆ ತಂದಳು. ಅಂಗೈ ಮೂಳೆಯ ತುದಿಯಲ್ಲಿ ಊತದಿಂದ ಎದ್ದ ಒಂದು ಮುಳ್ಳು. ಬೆರಳ ಮೂಳೆಯಲ್ಲಿ ಅದೇ ಅಳತೆಯ ಒಂದು ತೂತು. ಬಾಗಿಲಿಗೆ ಅಗುಳಿ ಬಿದ್ದ ಹಾಗೆ ಕೂತಿತು. ಎರಡನೆಯದು ಕೂತಿತು. ಮೂರನೆಯದೂ ಕೂತಿತು. ಹದಿನಾಲ್ಕೂ ಮುಗಿಯುವ ಹೊತ್ತಿಗೆ ಮೇಡಂ ಕೈ ಬಾಯಿಯ ಮೇಲಿತ್ತು.

"ಎಲ್ಲಾ ಬಗ್ಗೇ ಇವೆ" ಎಂದರು ಮೇಡಂ ಮೆಲ್ಲಗೆ. "ಈ ಕೈ ನೆಟ್ಟಗಾಗ್ತಾನೇ ಇರ್ಲಿಲ್ಲ. ಎಷ್ಟು ನೋಯ್ತಿತ್ತೋ."

"ನೋಯ್ತಿತ್ತು. ಅದಕ್ಕೇ ಬೆಚ್ಚಗಿರೋ ಕಡೆ ಇಟ್ಕೊಂಡಿದ್ಳು" ಎಂದಳು ಎಲುಬಕ್ಕ.

ಇಬ್ಬರೂ ಸೇರಿ ಪ್ರಾಣಿಯ ಮೂಳೆಗಳನ್ನೂ ಮತ್ತೆ ಹರಡಿದರು. ಯಾರಾದರೂ ಗಂಟು ಬಿಚ್ಚಿ ನೋಡಿದ್ದರೆ ಎಲ್ಲವೂ ಅಲ್ಲೇ ಕಾಣುತ್ತಿತ್ತು. ದವಡೆ ತೋಳದ್ದಕ್ಕಿಂತ ಗಿಡ್ಡ, ಹಲ್ಲುಗಳು ಜಾಗ ಸಾಲದೆ ಒಂದನ್ನೊಂದು ಒತ್ತಿಕೊಂಡಿದ್ದವು, ನಾಯಿಯ ಬಾಯಲ್ಲಿರುವ ಹಾಗೆ. ಎಳೆಯ ತೋಳ ಎಂದು ಮೇಷ್ಟ್ರು ಬರೆದಿದ್ದರು. ಆದರೆ ಹಲ್ಲು ಸವೆದುಹೋಗಿದ್ದವು, ಇದು ಮುದಿ ಪ್ರಾಣಿ. ಮುಂಗಾಲಿನ ಮೂಳೆ ಮುರಿದು, ಕೂಡಿಕೊಂಡು, ಗಟ್ಟಿಯಾಗಿತ್ತು. ಕಾಡಿನಲ್ಲಿ ಕಾಲು ಮುರಿದ ಪ್ರಾಣಿ ಅದು ಕೂಡಿಕೊಳ್ಳುವಷ್ಟು ದಿನ ಬದುಕುವುದು ಕಷ್ಟ. ಯಾರೋ ಅದಕ್ಕೆ ತಿನ್ನಿಸಿದ್ದರು. ಗಾಜಿನ ಪೆಟ್ಟಿಗೆಯಿಂದ ತಲೆಬುರುಡೆ ತಂದು ನೋಡಿದರೆ ಹೊಡೆದ ಗುರುತು ಎಲ್ಲೂ ಇರಲಿಲ್ಲ.

"ಹೆದರಿಕೆ ಕಡಿಮೆ ಇರೋ ತೋಳಗಳು ಜನರ ಎಂಜಲಿಗೆ ಅಂತ ಹತ್ತಿರ ಬಂದಿರ್ತವೆ ಅಕ್ಕ" ಎಂದರು ಮೇಡಂ. "ಅವುಗಳ ಮರಿ ಇನ್ನೂ ಸ್ವಲ್ಪ ಹತ್ತಿರ. ಆ ಮರಿಯ ಮರಿ ಇನ್ನಷ್ಟು. ಎಷ್ಟು ತಲೆಮಾರು ಬೇಕಾಯ್ತೋ, ಬೆಂಕಿ ಪಕ್ಕ ಬಂದು ಮಲಗೋಕೆ. ಮನುಷ್ಯರು ಹಿಡಿದು ಸಾಕಿದ್ರು ಅನ್ನೋದಕ್ಕಿಂತ..."

"ಅದೇ ಬಂತು. ಅವರು ಬೇಡ ಅನ್ಲಿಲ್ಲ" ಎಂದಳು ಎಲುಬಕ್ಕ.

ಬುಧವಾರ ಬೆಳಿಗ್ಗೆ ಮೇಷ್ಟ್ರನ್ನು ಕರೆಸಿದರು. ಎಂಬತ್ತು ದಾಟಿದ ಜೀವ, ಕೋಲೂರಿಕೊಂಡು ಬಂದರು. ಎಲುಬಕ್ಕ ನಿಂತಲ್ಲೇ, ಉಸಿರು ತೆಗೆದುಕೊಳ್ಳದೆ ಎಲ್ಲವನ್ನೂ ಒದರಿಬಿಟ್ಟಳು. ಮೇಷ್ಟ್ರು ಮೇಜಿನತ್ತ ನೋಡಲೇ ಇಲ್ಲ.

"ನಿನ್ನ ಕೈ ತಪ್ಪಲ್ಲಮ್ಮ. ಆವಾಗ ತಪ್ಪಿಲ್ಲ, ಈಗ ವಯಸ್ಸಾಯ್ತು ನೋಡು, ಈಗ ತಪ್ತಿದೀಯ. ಮೂವತ್ತು ವರ್ಷ ನಾನು ನಿನ್ನ ಗಂಟು ನಂಬಿದೋನು."

ಇದೊಳ್ಳೆ ಕಥೆಯಾಯಿತಲ್ಲ! ತಪ್ಪು ಮಾಡಿದವಳು ಒಪ್ಪಿಕೊಂಡರೂ ಒಪ್ಪಲು ಯಾರೂ ತಯಾರಿಲ್ಲ. ಎಲುಬಕ್ಕನಿಗೆ ಅಳುವೂ ಬಂತು, ಸಿಟ್ಟೂ ಬಂತು, ಸಿಟ್ಟೇ ಗೆದ್ದಿತು.

"ಅದೇ ತಪ್ಪಾಗಿದ್ದು ಮೇಷ್ಟ್ರೇ! ನೀವು ನಂಬಿದ್ರಿ, ಬಿಚ್ಚಿ ನೋಡ್ಲಿಲ್ಲ. ನನಗೂ ಅದು ಹಿತವಾಗಿತ್ತು, ಹಾಗಾಗಿ ನಾನೂ ನೋಡ್ಲಿಲ್ಲ. ಕೊಡಿ ಇಲ್ಲಿ ಕೈ." ಅಷ್ಟು ವರ್ಷದಲ್ಲಿ ಮೊದಲ ಸಲ ಅವರ ಕೈ ಹಿಡಿದೆಳೆದು, ಹೆಬ್ಬೆರಳ ಮೂಳೆಯನ್ನು ಬೆರಳ ನಡುವೆ ಇಟ್ಟಳು. "ನೀವೇ ಕೂರಿಸಿ. ಕೂರದೆ ಹೋದ್ರೆ ನನಗೆ ವಯಸ್ಸಾಗಿದೆ ಅಂತ ನಾನೇ ಎಲ್ಲರ ಮುಂದೆ ಹೇಳ್ತೀನಿ."

ಮೇಷ್ಟ್ರು ಅದನ್ನು ಅಂಗೈ ಮೂಳೆಯ ತುದಿಗೆ ತಂದರು. ಎರಡು ಸಲ ತಪ್ಪಿತು. ಮೂರನೇ ಸಲ ಮುಳ್ಳು ತೂತಿಗೆ ಸೇರಿತು. ಮುದುಕರು ಅದನ್ನು ಎತ್ತಿ ಮತ್ತೆ ಕೂರಿಸಿದರು, ಮತ್ತೆ ಎತ್ತಿ ಮತ್ತೆ ಕೂರಿಸಿದರು. ಆಮೇಲೆ ಸ್ಟೂಲು ಕೇಳಿ ಕೂತರು. ಕನ್ನಡಕ ತೆಗೆದು ಒರೆಸಿಕೊಂಡರು.

"ನಲವತ್ತು ಪುಟ ಬೈದಿದೀನಮ್ಮ ಇದನ್ನ" ಎಂದರು ಕೊನೆಗೆ. "ಹೊಟ್ಟೆಬಾಕ, ಕ್ರೂರಿ, ಏನೇನೋ. ಪಾಪ. ಒಂದು ದಿನವೂ ತಿರುಗಿ ಮಾತಾಡ್ಲಿಲ್ಲ."

"ನಿಮ್ಮ ಹೆಸರು ಕೆಟ್ಟುಹೋಗುತ್ತಲ್ಲ ಮೇಷ್ಟ್ರೇ" ಎಂದಳು ಎಲುಬಕ್ಕ, ಈಗ ತಡೆಯಲಾಗದೆ ಅಳುತ್ತಾ.

"ಹೋಗ್ಲಿ ಬಿಡು. ನನ್ನ ಹೆಸರು ಇನ್ನೆಷ್ಟು ದಿನ? ಇದು ಎಷ್ಟು ಸಾವಿರ ವರ್ಷ ಅವಳ ಪಕ್ಕದಲ್ಲಿ ಮಲಗಿತ್ತೋ, ಎಳೆದು ಬೇರೆ ಮಾಡಿದೋರು ನಾವೇ. ಒಟ್ಟಿಗೆ ಹಾಕು." ಬಾಗಿಲ ಹತ್ತಿರ ಹೋಗಿ ಅವರು ತಿರುಗಿದರು. "ಆ ಚಿತ್ರ ಬರೆಯೋನಿಗೆ ಹೇಳಿ, ಗೋಡೆಗೆ ಸುಣ್ಣ ಹೊಡೆಯೋಕೆ."

ಗುರುವಾರ ಸಭಾಂಗಣದ ಗೋಡೆ ಹಸಿಹಸಿಯಾಗಿ ಬಿಳಿಯಾಗಿತ್ತು. ನಡುವಿನ ಗಾಜಿನ ಪೆಟ್ಟಿಗೆಯಲ್ಲಿ ಮುದುಕಿ ಒಂದು ಮಗ್ಗುಲಿಗೆ, ನಾಯಿ ಅವಳ ಮಗ್ಗುಲಿಗೆ. ಹಾರ ಹಾಕಿಸಿಕೊಂಡ ಎಲುಬಕ್ಕ ಮೈಕಿನ ಮುಂದೆ ನಿಂತು, ಬರೆದುಕೊಂಡು ಬಂದ ಹಾಳೆಯನ್ನು ಮಡಚಿ, "ಇದು ತೋಳ ಅಲ್ಲ. ಇದು ಯಾರ ಕೈಯನ್ನೂ ತಿಂದಿಲ್ಲ. ಬೆರಳುಗಳು ನನ್ನ ಚೀಲದಲ್ಲಿದ್ವು. ತಪ್ಪು ನನ್ನದು" ಎಂದಷ್ಟೇ ಹೇಳಿ ಇಳಿದುಬಿಟ್ಟಳು. ಸಭೆಯಲ್ಲಿ ಗುಸುಗುಸು ಎದ್ದಿತು. ಮೇಷ್ಟ್ರು ಕೂತಲ್ಲಿಂದಲೇ "ನನ್ನದೂ" ಎಂದರು. ಆಗ ಜನ ಸುಮ್ಮನಾದರು.

ಜನ ಚೆದುರಿದ ಮೇಲೆ ಗಂಡ ಕೋಲೂರಿಕೊಂಡು ಗಾಜಿನ ಹತ್ತಿರ ಬಂದ. ಹದಿನಾಲ್ಕು ಬೆರಳ ಮೂಳೆಗಳನ್ನು ಪಕ್ಕೆಲುಬುಗಳ ಮೇಲೆ, ಬಾಗಿದ ಹಾಗೇ ಇಟ್ಟಿದ್ದಳು ಎಲುಬಕ್ಕ. ಅದಕ್ಕೆ ಇಡೀ ಬುಧವಾರ ಸಂಜೆ ಹಿಡಿದಿತ್ತು. ಅವನು ನೋಡಿದ. ತನ್ನ ಎಡಗೈ ನೋಡಿಕೊಂಡ. ಆಮೇಲೆ ಕೇಳಿದ.

"ಏನಂತ ಕರೀತಿದ್ಳೇ ಇದನ್ನ?"

"ಏನು?"

"ಹೆಸರು ಕಣೇ. ಇಷ್ಟು ಹಚ್ಚಿಕೊಂಡಿದ್ಳು ಅಂದ್ಮೇಲೆ ಏನಾದ್ರೂ ಹೆಸರು ಇಟ್ಟೇ ಇರ್ತಾಳೆ."

ಆ ಪ್ರಾಣಿಯ ಒಂದೊಂದು ಮೂಳೆಯ ಉದ್ದ, ತೂಕ, ಬಿರುಕು ಎಲುಬಕ್ಕನಿಗೆ ಬಾಯಿಪಾಠ. ಇದೊಂದು ಮಾತ್ರ ಗೊತ್ತಿರಲಿಲ್ಲ, ಇನ್ನು ಗೊತ್ತಾಗುವ ಹಾಗೂ ಇರಲಿಲ್ಲ. ಅವಳು ಹಾರ ತೆಗೆದು ಗಂಡನ ಕೈಗಿಟ್ಟು ಹೊರಗೆ ನಡೆದಳು.

ನಾಯಿಯನ್ನು ಒಳಗೆ ಬಿಟ್ಟಿರಲಿಲ್ಲ. ಗಂಡನ ಹಿಂದೆಯೇ ಆರು ಬೀದಿ ನಡೆದು ಬಂದದ್ದು ಬೆಳಗಿನಿಂದ ಗೇಟಿನ ಹೊರಗೆ, ಬಿಸಿಲಿನಲ್ಲಿ, ಬಾಗಿಲನ್ನೇ ನೋಡುತ್ತಾ ಕೂತಿತ್ತು. ಎಲುಬಕ್ಕ ಗೇಟು ತೆರೆದಳು. ಅವಳನ್ನು ಕಂಡದ್ದೇ ಅದು ಎದ್ದಿತು, ಅಭ್ಯಾಸದಂತೆ ಮೂರು ಹೆಜ್ಜೆ ಹಿಂದೆ ಹೋಯಿತು, ಕೂತಿತು.

"ದೊರೆ" ಎಂದಳು ಅವಳು.

ಅದು ಕಿವಿ ನೆಟ್ಟಗೆ ಮಾಡಿತು. ಅವಳ ಬೆನ್ನ ಹಿಂದೆ ಗಂಡ ಬಂದನೇನೋ ಎಂದು ಇಣುಕಿತು. ಅಲ್ಲಿ ಯಾರೂ ಇರಲಿಲ್ಲ.

ಎಲುಬಕ್ಕನ ಮಂಡಿ ಎರಡೂ ಲಟಲಟನೆ ಸದ್ದು ಮಾಡಿದವು. ಆದರೂ ಗೇಟಿನ ಮೆಟ್ಟಿಲ ಮೇಲೆ ಕೂತಳು, ಹೆದರಿಕೆಯನ್ನು ಹಲ್ಲು ಕಚ್ಚಿ ಹಿಡಿದುಕೊಂಡು ಅಂಗೈ ಮುಂದೆ ಚಾಚಿದಳು. "ಬಾರೋ ದೊರೆ" ಎಂದು ಇನ್ನೊಮ್ಮೆ ಕರೆದಳು. ನಾಯಿ ಒಂದು ಹೆಜ್ಜೆ ಮುಂದಿಟ್ಟು ನಿಂತಿತು. ಇನ್ನೆರಡು ಹೆಜ್ಜೆ ಉಳಿದಿದ್ದವು. ಅದು ಬರುವ ತನಕ ಕೈ ಹಿಂದಕ್ಕೆ ತೆಗೆಯದೆ ಅವಳು ಕಾಯುತ್ತಾ ಕೂತಳು.